ಕಾಲಿಗಿಂತ ಮೊದಲು ನರ ಕಲಿಯುತ್ತದೆ

ಮಾಟುಂಗಾದಲ್ಲಿ ಮುಂಬೈನ ಕನ್ನಡ ಓಟಗಾರರ ಮುಂದೆ ಆಡಿದ ಮಾತಿನ ಬರಹ ರೂಪ

ಮೊದಲು ಒಂದು ಪ್ರಶ್ನೆ. ಜನವರಿಯ ಮ್ಯಾರಥಾನ್‌ಗೆ ತಯಾರಿ ನಡೆಸಿರುವವರು ಕೈ ಎತ್ತಿ ಅಂದರೆ ಅರ್ಧ ಸಭೆಯೇ ಎತ್ತಿತು. ಸಂತೋಷ. ಈಗ ಇದನ್ನು ಹೇಳಿ, ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಪೂರ್ತಿ ವೇಗದಲ್ಲಿ ನೀವು ಕೊನೆಯ ಸಲ ಓಡಿದ್ದು ಯಾವಾಗ? ಹಿಂದಿನ ಸಾಲಿನಿಂದ ಯಾರೋ "ದಾದರ್ ಬ್ರಿಜ್ ಮೇಲೆ, ಲೋಕಲ್ ಹಿಡಿಯೋಕೆ" ಅಂದರು. ನಗಬೇಡಿ, ಇಲ್ಲಿರುವ ಬಹಳ ಜನರ ಉತ್ತರ ಅದೇ ಇರಬೇಕು. ನಾನು ಫಿಸಿಯೋಥೆರಪಿ ಮಾಡುವವಳು. ತೊಡೆಯ ಹಿಂಭಾಗ, ಅಂದರೆ ಹ್ಯಾಮ್‌ಸ್ಟ್ರಿಂಗ್, ಹಿಡಿದುಕೊಂಡು ಕುಂಟುತ್ತಾ ಬರುವವರ ಬಾಯಲ್ಲಿ ಇಂಥ ಕತೆ ಬೇಕಾದಷ್ಟು ಕೇಳಿದ್ದೇನೆ. ಭಾನುವಾರ ನರಿಮನ್ ಪಾಯಿಂಟ್‌ನಿಂದ ವರ್ಳಿವರೆಗೆ ಹೋಗಿ ಬರುವ ಗಟ್ಟಿ ಆಸಾಮಿ, ಸೋಮವಾರ ಗಾಡಿ ಹಿಡಿಯಲು ಇಪ್ಪತ್ತು ಮೀಟರ್ ಓಡಿ ಮಂಚ ಹಿಡಿಯುತ್ತಾನೆ. ಅವನ ದಮ್ಮಿಗೆ ಏನೂ ಕೊರತೆಯಿಲ್ಲ. ಹೃದಯ ಚೆನ್ನಾಗಿದೆ, ಮೈಯಲ್ಲಿ ಬೊಜ್ಜಿಲ್ಲ. ಮತ್ತೆ ಯಾಕೆ ಹೀಗಾಯಿತು?

ಯಾಕೆಂದರೆ ಅವನು ಇಷ್ಟು ವರ್ಷ ಹೃದಯಕ್ಕೆ, ಶ್ವಾಸಕ್ಕೆ, ಸ್ನಾಯುವಿಗೆ ಅಭ್ಯಾಸ ಮಾಡಿಸಿದ್ದಾನೆ. ನರಕ್ಕೆ ಮಾಡಿಸಿಲ್ಲ. ಮಾಡಿಸಿದ್ದರೂ ಅರ್ಧವಷ್ಟೇ. ಈ ಮಾತನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಬೆನ್ನುಹುರಿಯಲ್ಲಿ ನರಕೋಶಗಳಿವೆ. ಅಲ್ಲಿಂದ ಹೊರಟ ಉದ್ದನೆಯ ತಂತು ಕಾಲಿನ ಸ್ನಾಯುವರೆಗೆ ಬರುತ್ತದೆ, ಬಂದು ಕವಲೊಡೆದು ಒಂದಷ್ಟು ಸ್ನಾಯು ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಒಂದು ನರಕೋಶ, ಅದರ ಕೈಕೆಳಗಿನ ಎಳೆಗಳೆಲ್ಲ ಸೇರಿ ಒಂದು ಘಟಕ. ಮೋಟಾರ್ ಯೂನಿಟ್ ಅನ್ನುವ ಈ ಹೆಸರನ್ನು 1925ರಲ್ಲಿ ಇಂಗ್ಲೆಂಡಿನ ಲಿಡೆಲ್ ಮತ್ತು ಶೆರಿಂಗ್ಟನ್ ಬಳಕೆಗೆ ತಂದರು. ಮೀನಖಂಡದ ಒಳಬದಿಯ ಸ್ನಾಯುವಿನಲ್ಲಿ ಇಂಥ ಘಟಕಗಳು ಸುಮಾರು 580 ಇವೆ ಎಂದು 1955ರಲ್ಲಿ ಎಣಿಸಿದ್ದಾರೆ. ಒಂದೊಂದರ ಕೈಯಲ್ಲಿ ಸರಾಸರಿ 1900 ಎಳೆ. ಕಣ್ಣು ಹೊರಳಿಸುವ ಸ್ನಾಯುಗಳಲ್ಲಾದರೆ ಒಂದು ನರಕೋಶಕ್ಕೆ ಬೆರಳೆಣಿಕೆಯಷ್ಟೇ ಎಳೆಗಳು, ಅಲ್ಲಿ ಬಲಕ್ಕಿಂತ ನಯ ಬೇಕು. ನರಕೋಶ ಸಂಕೇತ ಕಳಿಸಿದರೆ ಅದರ ಎಳೆಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಇಲ್ಲದಿದ್ದರೆ ಒಂದೂ ಇಲ್ಲ. ಅರ್ಧಂಬರ್ಧ ಅನ್ನುವುದು ಇಲ್ಲ.

ಹಾಗಾದರೆ ಒಂದೇ ಕಾಲಲ್ಲಿ ಮೆಲ್ಲಗೆ ನಡೆಯುವುದೂ ಜೋರಾಗಿ ನೆಗೆಯುವುದೂ ಹೇಗೆ ಸಾಧ್ಯ? ಎರಡು ದಾರಿ ಇದೆ. ಎಷ್ಟು ಘಟಕಗಳನ್ನು ಕೆಲಸಕ್ಕೆ ಕರೆಯಬೇಕು ಅನ್ನುವುದು ಒಂದು. ಕರೆದ ಘಟಕಕ್ಕೆ ಸೆಕೆಂಡಿಗೆ ಎಷ್ಟು ಸಂಕೇತ ಕಳಿಸಬೇಕು ಅನ್ನುವುದು ಇನ್ನೊಂದು. ಕರೆಯುವುದಕ್ಕೂ ಒಂದು ಕ್ರಮ ಇದೆ. ಅದನ್ನು 1950, 60ರ ದಶಕದಲ್ಲಿ ಅಮೆರಿಕದ ಎಲ್ವುಡ್ ಹೆನೆಮನ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಸಣ್ಣ ನರಕೋಶ ಮೊದಲು ಏಳುತ್ತದೆ, ದೊಡ್ಡದು ಕೊನೆಗೆ. ನಮ್ಮವರ ಉಡುಪಿ ಹೋಟೆಲುಗಳನ್ನು ನೆನೆದುಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ ಎರಡು ಟೇಬಲ್ ತುಂಬಿದ್ದರೆ ಒಬ್ಬ ಹುಡುಗ ಸಾಕು, ದಿನವಿಡೀ ಮಾಡುತ್ತಾನೆ, ಸುಸ್ತಾಗುವುದಿಲ್ಲ. ಆಫೀಸು ಬಿಡುವ ಹೊತ್ತಿಗೆ ಜನ ನುಗ್ಗಿದರೆ ಇನ್ನೂ ನಾಲ್ಕು ಜನ ಬರಬೇಕು. ಆಗಲೂ ಸಾಲದಿದ್ದರೆ ಒಳಗೆ ಗಲ್ಲಾದ ಹಿಂದೆ ಕೂತ ದೊಡ್ಡ ಸಾಹುಕಾರರೇ ಎದ್ದು ಬರಬೇಕಾಗುತ್ತದೆ. ಅವರು ಬಂದರೆ ಕೆಲಸ ಜೋರು, ಆದರೆ ಹತ್ತು ನಿಮಿಷಕ್ಕೇ ಬೆವರು ಒರೆಸಿಕೊಳ್ಳುತ್ತಾ ವಾಪಸು ಹೋಗಿ ಕೂರುತ್ತಾರೆ. ವರ್ಷಗಟ್ಟಲೆ ಅವರನ್ನು ಯಾರೂ ಕರೆಯದೇ ಹೋದರೆ ಏನಾಗುತ್ತದೆ, ನೀವೇ ಊಹಿಸಿ. ಇಲ್ಲಿ ಹೋಟೆಲ್ ನಡೆಸುವವರು ಇದ್ದೀರಿ, ನನಗಿಂತ ಚೆನ್ನಾಗಿ ಗೊತ್ತು.

ಮಾತಾಡುತ್ತಾ ಓಡುವ ವೇಗದಲ್ಲಿ ದುಡಿಯುವುದು ಹೆಚ್ಚಾಗಿ ಸಣ್ಣ ಘಟಕಗಳು. ಒಂದು ತಿದ್ದುಪಡಿ ಹಾಕಬೇಕು. ಎರಡು ಮೂರು ಗಂಟೆ ಓಡುತ್ತಾ ಹೋದರೆ ಆ ಸಣ್ಣ ಘಟಕಗಳ ನಿಧಾನದ ಎಳೆಗಳಲ್ಲಿ ಸಂಗ್ರಹವಾಗಿದ್ದ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖಾಲಿಯಾಗುತ್ತಾ ಬರುತ್ತದೆ, ಆಗ ಅದೇ ವೇಗ ಉಳಿಸಿಕೊಳ್ಳಲು ದೊಡ್ಡ ಘಟಕಗಳನ್ನೂ ಕರೆಯಬೇಕಾಗುತ್ತದೆ. ಮ್ಯಾರಥಾನ್‌ನ ಕೊನೆಯ ಭಾಗದಲ್ಲಿ ಪೆಡ್ಡರ್ ರೋಡ್ ಏರು ಹತ್ತುವಾಗ ನಿಮ್ಮ ಕಾಲಿನಲ್ಲಿ ನಡೆಯುವುದು ಇದೇ. ಹಾಗಾಗಿ ಉದ್ದ ಓಟದಲ್ಲಿ ದೊಡ್ಡ ಘಟಕಗಳಿಗೆ ಕೆಲಸವೇ ಇಲ್ಲ ಅನ್ನುವ ಮಾತು ತಪ್ಪು. ಕೆಲಸ ಇದೆ, ಆದರೆ ಸೋತ ಸ್ಥಿತಿಯಲ್ಲಿ, ನಿಧಾನದ ಲಯದಲ್ಲಿ. ಪಟ್ಟನೆ ಬಿಗಿಯುವ ಅಭ್ಯಾಸ ಅದರಿಂದ ಆಗುವುದಿಲ್ಲ.

ಆ ಪಟ್ಟನೆ ಅನ್ನುವುದರಲ್ಲೇ ಎಲ್ಲ ಇದೆ. 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಆ ಮಟ್ಟದ ಓಟಗಾರರ ಪಾದ ಪೂರ್ತಿ ವೇಗದಲ್ಲಿ ನೆಲಕ್ಕೆ ತಾಗಿರುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ನೀವು ನಾವು ಬೆಳಗ್ಗೆ ಓಡುವಾಗ ಅದರ ಎರಡೂವರೆ ಪಟ್ಟು ಹೊತ್ತು ತಾಗಿರುತ್ತದೆ. ಈಗ ಒಂದು ತೊಡಕು ನೋಡಿ. ಒಂದು ಸ್ನಾಯು ತನ್ನ ಪೂರ್ತಿ ಬಲ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಸಮಯ ಬೇಕು. ಓಟದಲ್ಲಿ ಅಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ನಿಮ್ಮ ತೊಡೆಯಲ್ಲಿ ಒಟ್ಟು ಎಷ್ಟು ಬಲವಿದೆ ಅನ್ನುವುದಕ್ಕಿಂತ, ಮೊದಲ ಹತ್ತನೇ ಒಂದು ಸೆಕೆಂಡಿನಲ್ಲಿ ಎಷ್ಟು ಹೊರಗೆ ಬರುತ್ತದೆ ಅನ್ನುವುದು ಮುಖ್ಯ. ಅದನ್ನು ತೀರ್ಮಾನಿಸುವುದರಲ್ಲಿ ನರದ ಪಾಲು ದೊಡ್ಡದು.

ಜೋರಾಗಿ ಓಡುವವರು ಕಾಲನ್ನು ಬೇಗ ಬೇಗ ಬೀಸುತ್ತಾರೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. 2000ದಲ್ಲಿ ಪೀಟರ್ ವೇಯಾಂಡ್ ಮತ್ತು ಜೊತೆಗಾರರು ಅಳೆದು ನೋಡಿದಾಗ, ಗಾಳಿಯಲ್ಲಿ ಕಾಲು ಮುಂದೆ ತರಲು ವೇಗದವರಿಗೂ ನಿಧಾನದವರಿಗೂ ಬೇಕಾಗುವ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ನೆಲಕ್ಕೆ ಕೊಡುವ ಒತ್ತಿನಲ್ಲಿ. ವೇಗದವರು ಆ ಸ್ವಲ್ಪವೇ ಹೊತ್ತಿನಲ್ಲಿ ನೆಲವನ್ನು ಜಾಸ್ತಿ ಬಲವಾಗಿ ಒತ್ತುತ್ತಾರೆ.

ಇದನ್ನು ಕಲಿಯಬಹುದೇ? ಕಲಿಯಬಹುದು. 1998ರಲ್ಲಿ ಬೆಲ್ಜಿಯಂನಲ್ಲಿ ವಾನ್ ಕುಟ್ಸೆಮ್, ಡುಶಾಟೋ ಮತ್ತು ಹೈನೋ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಪಾದವನ್ನು ಮೇಲಕ್ಕೆತ್ತುವ ಸ್ನಾಯುವಿಗೆ, ಮೊಣಕಾಲ ಕೆಳಗೆ ಮುಂದುಗಡೆ ಇರುತ್ತದಲ್ಲ, ಅದಕ್ಕೆ 12 ವಾರ ಹಗುರ ಭಾರ ಕಟ್ಟಿ, ಆದಷ್ಟು ಜೋರಾಗಿ ಝಾಡಿಸುವ ಅಭ್ಯಾಸ ಮಾಡಿಸಿದರು. ಸೂಜಿಯಂಥ ತಂತಿ ಚುಚ್ಚಿ ಒಂದೊಂದೇ ಘಟಕದ ಸಂಕೇತ ಕೇಳಿದರು. ಶುರುವಿನಲ್ಲಿ ಒಂದರ ಬೆನ್ನಿಗೇ ಇನ್ನೊಂದು ಸಂಕೇತ, ಅಂದರೆ ಜೋಡಿ ಏಟು, ಕೊಡುತ್ತಿದ್ದ ಘಟಕಗಳು ಶೇಕಡ 5ರಷ್ಟು ಮಾತ್ರ. ಅಭ್ಯಾಸದ ನಂತರ ಅವು ಶೇಕಡ 33ರ ಹತ್ತಿರ ಬಂದವು. ಆ ಜೋಡಿ ಏಟೇ ಸ್ನಾಯುವನ್ನು ಪಟ್ಟನೆ ಬಿಗಿಯುವಂತೆ ಮಾಡುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನರದಲ್ಲಿ ಸಂಕೇತ ಹರಿಯುವ ವೇಗವೇ ಹೆಚ್ಚಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಾಲಿನ ನರದಲ್ಲಿ ಅದು ಸೆಕೆಂಡಿಗೆ 50 ಮೀಟರ್ ಆಸುಪಾಸು. ಅಭ್ಯಾಸದಿಂದ ಅದು ಅಷ್ಟಾಗಿ ಬದಲಾಗುವುದಿಲ್ಲ. ಬದಲಾಗುವುದು ಎಷ್ಟು ಘಟಕ, ಎಷ್ಟು ಬೇಗ, ಎಷ್ಟು ಒತ್ತೊತ್ತಾಗಿ ಅನ್ನುವುದು. 50 ಮೀಟರ್ ಅಂದಾಗ ನನಗೆ ಯಾವಾಗಲೂ ಪಿ.ಟಿ. ಉಷಾ ನೆನಪಾಗುತ್ತಾರೆ. 1984ರ ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್, ಉಷಾ 55.42, ಕಂಚು ಗೆದ್ದ ರೊಮೇನಿಯಾದ ಹುಡುಗಿ 55.41. ಒಂದು ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ನರದ ಸಂಕೇತ ಅರ್ಧ ಮೀಟರ್ ಹೋಗುತ್ತದೆ, ಬೆನ್ನುಹುರಿಯಿಂದ ಹೊರಟರೆ ಮೊಣಕಾಲನ್ನೂ ಮುಟ್ಟುವುದಿಲ್ಲ. ನಮ್ಮ ಅಮ್ಮಂದಿರ ಕಾಲದವರು ಈ ಕತೆಯನ್ನು ಇವತ್ತಿಗೂ ಹೊಟ್ಟೆ ಉರಿದುಕೊಂಡೇ ಹೇಳುತ್ತಾರೆ. ಸರಿ, ವಿಷಯಕ್ಕೆ ಬರೋಣ.

ನರ ಬರೀ ಆಜ್ಞೆ ಕೊಡುವುದಷ್ಟೇ ಅಲ್ಲ, ಸ್ನಾಯು ಎಂಥದ್ದಾಗಬೇಕು ಎಂಬುದನ್ನೂ ತೀರ್ಮಾನಿಸುತ್ತದೆ. ಇದು ಗೊತ್ತಾದದ್ದು 1960ರಲ್ಲಿ. ಬುಲ್ಲರ್ ಮತ್ತು ಇಬ್ಬರು ಎಕ್ಲ್ಸ್, ಅಂದರೆ ಮುಂದೆ ನೊಬೆಲ್ ಪಡೆದ ಜಾನ್ ಎಕ್ಲ್ಸ್ ಮತ್ತು ಅವರ ಮಗಳು ರೋಸಮಂಡ್, ಬೆಕ್ಕಿನ ಕಾಲಿನಲ್ಲಿ ಒಂದು ಶಸ್ತ್ರಕ್ರಿಯೆ ಮಾಡಿದರು. ವೇಗದ ಸ್ನಾಯುವಿಗೆ ಹೋಗುವ ನರ, ನಿಧಾನದ ಸ್ನಾಯುವಿಗೆ ಹೋಗುವ ನರ, ಎರಡನ್ನೂ ಕತ್ತರಿಸಿ ಅದಲು ಬದಲು ಜೋಡಿಸಿದರು. ನರಗಳು ಕೂಡಿಕೊಂಡ ಮೇಲೆ ನೋಡಿದರೆ ವೇಗದ ಸ್ನಾಯು ನಿಧಾನವಾಗಿತ್ತು, ನಿಧಾನದ್ದು ಚುರುಕಾಗಿತ್ತು. ಆಮೇಲೆ 1969ರಲ್ಲಿ ಸ್ಯಾಮನ್ಸ್ ಮತ್ತು ವ್ರ್ಬೋವಾ ಮೊಲಗಳಲ್ಲಿ ನರ ಕತ್ತರಿಸದೆಯೇ, ವೇಗದ ಸ್ನಾಯುವಿನ ನರಕ್ಕೆ ವಾರಗಟ್ಟಲೆ ನಿಧಾನದ ಲಯದಲ್ಲಿ ವಿದ್ಯುತ್ ಕೊಟ್ಟು ಅದನ್ನು ನಿಧಾನದ ಸ್ನಾಯು ಮಾಡಿಬಿಟ್ಟರು. ಅಂದರೆ ಸಂಕೇತದ ಲಯವೇ ಸ್ನಾಯುವಿನ ಗುಣವನ್ನು ಬದಲಿಸಬಲ್ಲದು. ನೀವು ದಿನಾ ಯಾವ ಲಯದಲ್ಲಿ ಓಡುತ್ತೀರೋ ಅದನ್ನು ನಿಮ್ಮ ಸ್ನಾಯು ಕೇಳಿಸಿಕೊಳ್ಳುತ್ತಿದೆ.

ಮನುಷ್ಯರ ಸ್ನಾಯುವಿನಲ್ಲಿ ಸ್ಥೂಲವಾಗಿ ಮೂರು ಬಗೆಯ ಎಳೆಗಳಿವೆ. ಮೊದಲನೆಯದು ನಿಧಾನದ್ದು, ರಕ್ತನಾಳ ಜಾಸ್ತಿ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಜಾಸ್ತಿ, ಬೇಗ ಸುಸ್ತಾಗುವುದಿಲ್ಲ, ಇದನ್ನು ಒಂದನೇ ಟೈಪ್ ಅನ್ನುತ್ತಾರೆ. ಎರಡು-ಎ ಅನ್ನುವುದು ವೇಗವೂ ಇದೆ, ಸ್ವಲ್ಪ ದಮ್ಮೂ ಇದೆ. ಎರಡು-ಎಕ್ಸ್ ಅತಿ ವೇಗ, ದಮ್ಮು ಇಲ್ಲವೇ ಇಲ್ಲ. ಬಿಡಿ ಎಳೆಯನ್ನು ಹೊರತೆಗೆದು ಅಳೆದರೆ ಎಕ್ಸ್ ಎಳೆ ಕುಗ್ಗುವ ವೇಗ ನಿಧಾನದ ಎಳೆಯ ಸುಮಾರು ಹತ್ತು ಪಟ್ಟು. ಇದನ್ನೆಲ್ಲ ಜೀವಂತ ಓಟಗಾರರಲ್ಲಿ ನೋಡಲು ಸಾಧ್ಯವಾದದ್ದು 1962ರಲ್ಲಿ ಸ್ವೀಡನ್‌ನ ಯೋನಾಸ್ ಬೆರ್ಗ್‌ಸ್ಟ್ರೋಮ್ ಸ್ನಾಯುವಿನ ಚೂರು ತೆಗೆಯುವ ಸೂಜಿಯನ್ನು ಬಳಕೆಗೆ ತಂದ ಮೇಲೆ. 70ರ ದಶಕದಲ್ಲಿ ಡೇವಿಡ್ ಕೋಸ್ಟಿಲ್ ಮತ್ತು ಜೊತೆಗಾರರು ಅಮೆರಿಕದ ಓಟಗಾರರ ಮೀನಖಂಡ ಪರೀಕ್ಷಿಸಿದರು. ದೊಡ್ಡ ದೊಡ್ಡ ದೂರದ ಓಟಗಾರರಲ್ಲಿ ನಿಧಾನದ ಎಳೆ ಸರಾಸರಿ ಶೇಕಡ 79, ಸ್ಪ್ರಿಂಟ್ ಓಡುವವರಲ್ಲಿ ಶೇಕಡ 24ರ ಹತ್ತಿರ.

ಇದನ್ನು ಕೇಳಿದ ಕೂಡಲೇ ಎಲ್ಲರೂ "ಹಾಗಾದರೆ ಹುಟ್ಟಿನಿಂದಲೇ ಬರೆದಿದೆ" ಅನ್ನುತ್ತಾರೆ. ಅಷ್ಟು ಬೇಗ ತೀರ್ಪು ಕೊಡಬೇಡಿ. 2018ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಂದು ಅವಳಿ ಜೋಡಿಯ ವರದಿ ಬಂತು. ಒಂದೇ ಅಂಡದಿಂದ ಹುಟ್ಟಿದ ಇಬ್ಬರು ಅಣ್ಣತಮ್ಮಂದಿರು, 52 ವಯಸ್ಸು. ಒಬ್ಬ ಮೂವತ್ತು ವರ್ಷದಿಂದ ದೂರದ ಓಟ ಓಡುತ್ತಿದ್ದವನು, ಇನ್ನೊಬ್ಬ ಓಟದ ತಂಟೆಗೇ ಹೋಗದವನು. ಓಡುವವನ ತೊಡೆಯಲ್ಲಿ ನಿಧಾನದ ಎಳೆ ಶೇಕಡ 90ಕ್ಕಿಂತ ಜಾಸ್ತಿ, ಓಡದವನಲ್ಲಿ 40ರ ಆಸುಪಾಸು. ಒಂದೇ ಜೋಡಿ, ಅದರ ಮೇಲೆ ಮನೆ ಕಟ್ಟಬಾರದು, ಒಪ್ಪುತ್ತೇನೆ. ಆದರೂ ಹುಟ್ಟಿನಿಂದ ಬಂದದ್ದು ಅಲುಗಾಡುವುದೇ ಇಲ್ಲ ಅನ್ನುವವರು ಈ ಇಬ್ಬರ ಬಗ್ಗೆ ಏನು ಹೇಳುತ್ತಾರೆ?

ಇನ್ನೊಂದು ವಿಚಿತ್ರ ಇದೆ. ಸ್ಪ್ರಿಂಟ್ ಓಡಿದರೆ, ಭಾರ ಎತ್ತಿದರೆ ಆ ಅತಿ ವೇಗದ ಎಕ್ಸ್ ಎಳೆ ಹೆಚ್ಚಬೇಕು ಅಲ್ವಾ? ಕಮ್ಮಿಯಾಗುತ್ತದೆ. ಅವು ಎರಡು-ಎ ಕಡೆಗೆ ಸರಿಯುತ್ತವೆ. ಡೆನ್ಮಾರ್ಕ್‌ನಲ್ಲಿ ಆಂಡರ್ಸನ್ ಮತ್ತು ಓಗೋರ್ 2000ದಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮೊದಲು ವ್ಯಾಯಾಮವೇ ಮಾಡದಿದ್ದ ಗಂಡಸರು ಮೂರು ತಿಂಗಳು ಭಾರ ಎತ್ತಿದ ಮೇಲೆ ಎಕ್ಸ್ ಎಳೆಯ ಗುರುತಾದ ಪ್ರೋಟೀನ್ ಶೇಕಡ 9ರಿಂದ 2ಕ್ಕೆ ಇಳಿಯಿತು. ಆಮೇಲೆ ಮೂರು ತಿಂಗಳು ಸುಮ್ನೆ ಕೂರಿಸಿದರು. ಶೇಕಡ 17ಕ್ಕೆ ಏರಿತು, ಅಂದರೆ ಮೊದಲಿದ್ದದ್ದರ ಹತ್ತಿರ ಹತ್ತಿರ ದುಪ್ಪಟ್ಟು. ಇದನ್ನು ಕೇಳಿ ಸೋಫಾ ಮೇಲೆ ಮಲಗಿದರೆ ಬೋಲ್ಟ್ ಆಗಬಹುದು ಎಂದು ಯಾರೋ ನನಗೆ ಹೇಳಿದ್ದರು. ಎಳೆ ಇದ್ದರೆ ಸಾಲದು, ಅದನ್ನು ಕರೆಯುವ ನರ ಬೇಕು, ಎಳೆಗೆ ಗಾತ್ರವೂ ಬೇಕು. ದೊಡ್ಡ ಓಟಕ್ಕೆ ಮುಂಚೆ ಸ್ಪ್ರಿಂಟರ್‌ಗಳು ಅಭ್ಯಾಸದ ಪ್ರಮಾಣ ಇಳಿಸುವುದರ ಹಿಂದೆ ಇದೂ ಒಂದು ಕಾರಣ ಇರಬಹುದು ಎಂಬುದು ನನ್ನ ಅಂದಾಜು, ಅಷ್ಟೇ.

ಈಗ ದಮ್ಮಿನ ಓಟಕ್ಕೆ ಬರೋಣ. ನಾನು ಅದರ ವಿರೋಧಿ ಅಂದುಕೊಳ್ಳಬೇಡಿ. 1967ರಲ್ಲಿ ಜಾನ್ ಹೊಲೊಸಿ ಇಲಿಗಳನ್ನು 12 ವಾರ ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಕೊನೆಗೆ ಕೊನೆಗೆ ದಿನಕ್ಕೆ ಎರಡು ಗಂಟೆ. ಅವುಗಳ ಸ್ನಾಯುವಿನಲ್ಲಿ ಆಮ್ಲಜನಕ ಬಳಸಿ ಶಕ್ತಿ ಮಾಡುವ ಸಾಮರ್ಥ್ಯ ಸುಮಾರು ಎರಡು ಪಟ್ಟಾಯಿತು. ನಿಧಾನದ ಓಟ ಮೈಟೋಕಾಂಡ್ರಿಯಾ ಬೆಳೆಸುತ್ತದೆ, ಎಳೆಗಳ ಸುತ್ತ ಸಣ್ಣ ರಕ್ತನಾಳ ಹೆಚ್ಚಿಸುತ್ತದೆ. ಇದಕ್ಕೆ ಬೇರೆ ಬದಲಿ ಇಲ್ಲ, ಮ್ಯಾರಥಾನ್ ಓಡುವವರು ಇದನ್ನು ಮಾಡಲೇಬೇಕು. ಆದರೆ ದಮ್ಮಿನ ಓಟ ನರಕ್ಕೂ ಏನೋ ಕಲಿಸುತ್ತದೆ, ಅದನ್ನು ಮರೆಯುತ್ತೇವೆ. 2010ರಲ್ಲಿ ಕಾರೊಲಿನಾ ವಿಲಾ-ಶಾ ಮತ್ತು ಜೊತೆಗಾರರು ಎರಡು ಗುಂಪು ಮಾಡಿ ಆರು ವಾರ ಅಭ್ಯಾಸ ಮಾಡಿಸಿದರು, ಒಂದಕ್ಕೆ ಭಾರ, ಒಂದಕ್ಕೆ ದಮ್ಮು. ತೊಡೆಯ ಮುಂದಿನ ಸ್ನಾಯುವಿನ ಘಟಕಗಳನ್ನು ಕೇಳಿದರೆ, ಭಾರದವರಲ್ಲಿ ಸಂಕೇತಗಳು ಮೊದಲಿಗಿಂತ ಒತ್ತೊತ್ತಾಗಿ ಬರುತ್ತಿದ್ದವು. ದಮ್ಮಿನವರಲ್ಲಿ ವಿರಳವಾಗಿದ್ದವು. ಒಂದೇ ಸ್ನಾಯು, ಎರಡು ಪಾಠ, ಒಂದಕ್ಕೊಂದು ಎದುರಾಬದುರು. ನೀವು ಬರೀ ನಿಧಾನವಾಗಿ ಓಡುತ್ತಿದ್ದರೆ ನರ ಮಿತವ್ಯಯ ಕಲಿಯುತ್ತದೆ. ಮ್ಯಾರಥಾನ್‌ಗೆ ಅದು ಒಳ್ಳೆಯದೇ. ದಾದರ್ ಬ್ರಿಜ್ ಮೇಲೆ ಒಳ್ಳೆಯದಲ್ಲ.

ನರ ಎಷ್ಟು ಬೇಗ ಕಲಿಯುತ್ತದೆ ಅನ್ನುವುದಕ್ಕೆ ಹಳೆಯ ಪುರಾವೆ ಇದೆ. 1894ರಲ್ಲಿ ಯೇಲ್‌ನಲ್ಲಿ ಸ್ಕ್ರಿಪ್ಚರ್ ಮತ್ತು ಜೊತೆಗಾರರು ಒಂದೇ ಕೈಯಲ್ಲಿ ರಬ್ಬರ್ ಉಂಡೆ ಹಿಸುಕುವ ಅಭ್ಯಾಸ ಮಾಡಿಸಿ ನೋಡಿದರು. ಏನೂ ಮಾಡದ ಇನ್ನೊಂದು ಕೈಯ ಬಲವೂ ಹೆಚ್ಚಿತ್ತು. ಆ ಕೈಯ ಸ್ನಾಯು ಬೆಳೆಯಲು ಕಾರಣವೇ ಇರಲಿಲ್ಲ. ಕಲಿತದ್ದು ನರಮಂಡಲ. ನಾವು ಇದನ್ನು ಇವತ್ತಿಗೂ ಬಳಸುತ್ತೇವೆ, ಒಂದು ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ ಇನ್ನೊಂದು ಕಾಲಿಗೆ ವ್ಯಾಯಾಮ ಮಾಡಿಸುತ್ತೇವೆ, ಮನೆಯವರು "ಮುರಿದದ್ದು ಎಡಗಾಲು, ನೀವು ಬಲಗಾಲಿಗೆ ಮಾಡಿಸ್ತಾ ಇದ್ದೀರಿ" ಎಂದು ಜಗಳಕ್ಕೇ ಬರುತ್ತಾರೆ. 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ. ಭಾರ ಎತ್ತಲು ಶುರು ಮಾಡಿದ ಮೊದಲ ಮೂರು ನಾಲ್ಕು ವಾರ ಬಲ ಹೆಚ್ಚುವುದು ಬಹುಪಾಲು ನರದಿಂದ, ಸ್ನಾಯು ದಪ್ಪವಾಗುವುದು ಆಮೇಲೆ. ಹಾಗಾಗಿ ಎರಡು ವಾರಕ್ಕೆ ಕನ್ನಡಿ ನೋಡಿ ಬೇಜಾರಾಗಬೇಡಿ.

ಎರಡೂ ಅಭ್ಯಾಸ ಒಟ್ಟಿಗೆ ಮಾಡಿದರೆ? ರಾಬರ್ಟ್ ಹಿಕ್ಸನ್ ಅನ್ನುವವರು ಭಾರ ಎತ್ತುವವರಾಗಿದ್ದರು. ಈಗ ಹೇಳಿದ ಹೊಲೊಸಿ ಅವರ ಪ್ರಯೋಗಾಲಯಕ್ಕೆ ಸೇರಿ ಅವರ ಜೊತೆ ಓಡಲು ಶುರು ಮಾಡಿದ ಮೇಲೆ ತನ್ನ ಮೈಕಟ್ಟು ಇಳಿಯುತ್ತಿದೆ ಎಂದು ಗಮನಿಸಿದರು. ಅದೇ ಪ್ರಶ್ನೆಯನ್ನು ಮುಂದೆ ಪ್ರಯೋಗವಾಗಿ ಮಾಡಿದರು. 1980ರಲ್ಲಿ ಬಂದ ಅವರ ಲೇಖನದಲ್ಲಿ, ಹತ್ತು ವಾರ ಎರಡನ್ನೂ ಜೋರಾಗಿ ಮಾಡಿದವರ ಬಲ ಏಳನೇ ವಾರದವರೆಗೆ ಏರಿ ಕೊನೆಗೆ ಇಳಿಯಿತು. ದಮ್ಮಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಇದನ್ನು ಓದಿದ ಸ್ಪ್ರಿಂಟರ್‌ಗಳು ಹೆದರಬೇಕು. ಮ್ಯಾರಥಾನ್ ಓಡುವ ನಾವು ಯಾಕೆ ಹೆದರುತ್ತೇವೋ ಗೊತ್ತಿಲ್ಲ, ನಮಗೆ ಆಗುವ ನಷ್ಟ ಅದರಲ್ಲಿ ಎಲ್ಲೂ ಇಲ್ಲ. ಲಾಭವೇ ಇದೆ. 1999ರಲ್ಲಿ ಫಿನ್‌ಲ್ಯಾಂಡಿನ ಪಾವೊಲೈನೆನ್ ಮತ್ತು ಜೊತೆಗಾರರು ಚೆನ್ನಾಗಿ ತಯಾರಾದ ದೂರದ ಓಟಗಾರರ ಅಭ್ಯಾಸದಲ್ಲಿ ಮೂರನೇ ಒಂದು ಭಾಗದಷ್ಟನ್ನು ತೆಗೆದು ಆ ಜಾಗಕ್ಕೆ ಸ್ಪ್ರಿಂಟ್, ನೆಗೆತ, ಹಗುರ ಭಾರದ ಚುರುಕು ವ್ಯಾಯಾಮ ಹಾಕಿದರು. ಒಂಬತ್ತು ವಾರಕ್ಕೆ ಐದು ಕಿಲೋಮೀಟರ್ ಸಮಯ ಸುಮಾರು ಶೇಕಡ 3ರಷ್ಟು ಸುಧಾರಿಸಿತು. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮಾತ್ರ ಹೆಚ್ಚಲಿಲ್ಲ. ಅದೇ ದಮ್ಮು, ಆದರೆ ಅದೇ ವೇಗಕ್ಕೆ ಖರ್ಚು ಕಮ್ಮಿ. ಪಾದ ನೆಲದಲ್ಲಿ ಕಳೆಯುವ ಹೊತ್ತು ಇಳಿದಿತ್ತು.

ನಮ್ಮ ಮಹಾರಾಷ್ಟ್ರದಲ್ಲೇ ಲಲಿತಾ ಬಾಬರ್ ಇದ್ದಾರೆ, ಸಾತಾರಾ ಜಿಲ್ಲೆಯವರು. ಮುಂಬೈ ಮ್ಯಾರಥಾನ್‌ನಲ್ಲಿ ಭಾರತದ ಮಹಿಳೆಯರಲ್ಲಿ ವರ್ಷ ವರ್ಷ ಗೆಲ್ಲುತ್ತಿದ್ದವರು, 3000 ಮೀಟರ್ ಸ್ಟೀಪಲ್‌ಚೇಸ್‌ಗೆ ಹೋದರು. ಸ್ಟೀಪಲ್‌ಚೇಸ್ ಅಂದರೆ ಅಡ್ಡಗಂಬ ಹಾರಬೇಕು, ನೀರು ದಾಟಬೇಕು, ಇಳಿದ ಕೂಡಲೇ ಮತ್ತೆ ವೇಗ ಹಿಡಿಯಬೇಕು, ಬರೀ ದಮ್ಮು ಅಲ್ಲಿ ಸಾಲದು. 2014ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. 2016ರ ರಿಯೋದಲ್ಲಿ 9 ನಿಮಿಷ 19.76 ಸೆಕೆಂಡ್ ಓಡಿ ಫೈನಲ್ ಮುಟ್ಟಿದರು. ರಿಲೇ ಬಿಟ್ಟರೆ ಒಲಿಂಪಿಕ್ಸ್ ಟ್ರ್ಯಾಕ್‌ನಲ್ಲಿ ಭಾರತದ ಮಹಿಳೆಯೊಬ್ಬರು ಫೈನಲ್ ಓಡಿದ್ದು 1984ರ ಉಷಾ ನಂತರ ಅದೇ ಮೊದಲು.

ಹಾಗಾದರೆ ನೀವು ಏನು ಮಾಡಬೇಕು? ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ನಮ್ಮ ಓಟದ ಗುಂಪುಗಳಲ್ಲಿ ಬುಧವಾರ ಬುಧವಾರ ಸ್ಪೀಡ್ ವರ್ಕೌಟ್ ಅಂತ ನಡೆಯುತ್ತದಲ್ಲ, 400 ಮೀಟರ್ ಎಂಟು ಸಲ, ನಡುವೆ ಒಂದು ನಿಮಿಷ ಉಸಿರು, ಎಲ್ಲರೂ ಸೊಂಟಕ್ಕೆ ಕೈ ಕೊಟ್ಟು ಬಗ್ಗಿ ನಿಂತಿರುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಅದು ಸ್ಪ್ರಿಂಟ್ ಅಲ್ಲ. ಸುಸ್ತಾದ ಸ್ನಾಯು ಪೂರ್ತಿ ವೇಗ ಕೊಡುವುದಿಲ್ಲ, ಪೂರ್ತಿ ವೇಗ ಇಲ್ಲದಿದ್ದರೆ ನರಕ್ಕೆ ಆ ಪಾಠವೇ ಆಗುವುದಿಲ್ಲ. ಸ್ಪ್ರಿಂಟ್‌ಗೆ ಬೇಕಾದ, ಸ್ನಾಯುವಿಗೆ ದಿಢೀರ್ ಶಕ್ತಿ ಕೊಡುವ ಫಾಸ್ಫೋಕ್ರಿಯಾಟಿನ್ ಕೆಲವೇ ಸೆಕೆಂಡಿನಲ್ಲಿ ತೀರುತ್ತಾ ಹೋಗುತ್ತದೆ, ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. 50, 60 ಮೀಟರ್ ಓಡಿ ನಾಲ್ಕು ನಿಮಿಷ ಸುಮ್ನೆ ಅಡ್ಡಾಡಬೇಕು. ಮ್ಯಾರಥಾನ್ ಓಡುವವರಿಗೆ ಇದು ಮಾಡಲು ಆಗುವುದೇ ಇಲ್ಲ. ಬೆವರದಿದ್ದರೆ ದುಡ್ಡು ದಂಡ ಅನಿಸುತ್ತದೆ. ಒಂದು ನಿಮಿಷಕ್ಕೇ ಕೈಗಡಿಯಾರ ನೋಡಿ ಮತ್ತೆ ಓಡಲು ಹೋಗುತ್ತಾರೆ.

ಉದ್ದ ಓಟದ ಮರುದಿನ ಸ್ಪ್ರಿಂಟ್ ಬೇಡ. ಉದ್ದ ಓಟದ ನಂತರ ಸೋತಿರುವುದು ಕಾಲು ಮಾತ್ರ ಅಲ್ಲ. ಐದು ಗಂಟೆ ಟ್ರೆಡ್‌ಮಿಲ್ ಓಡಿದವರನ್ನು 2004ರಲ್ಲಿ ಪರೀಕ್ಷಿಸಿದಾಗ ತೊಡೆಯ ಬಲ ಶೇಕಡ 28 ಇಳಿದಿತ್ತು. ವಿದ್ಯುತ್ ಕೊಟ್ಟು ನೋಡಿದರೆ ಅದರ ದೊಡ್ಡ ಪಾಲು ಸ್ನಾಯುವಿನದ್ದಲ್ಲ, ಮೇಲಿನಿಂದ ಬರುವ ಆಜ್ಞೆಯೇ ಕುಗ್ಗಿತ್ತು. ಅಂಥ ನರವನ್ನು ಎಬ್ಬಿಸಿ ವೇಗ ಕಲಿಸಲು ಹೋದರೆ ಹ್ಯಾಮ್‌ಸ್ಟ್ರಿಂಗ್ ನನ್ನ ಮೇಜಿನ ಮೇಲೆ ಬರುತ್ತದೆ.

ಎಲ್ಲಿ ಓಡಬೇಕು ಅನ್ನುವುದು ಮುಂಬೈನಲ್ಲಿ ದೊಡ್ಡ ಪ್ರಶ್ನೆ. ಮರೀನ್ ಡ್ರೈವ್ ಕಾಲುದಾರಿಯಲ್ಲಿ ಬೆಳಗ್ಗೆ ಜನ, ನಾಯಿ, ಸೈಕಲ್, ಅಲ್ಲಿ ಬೇಡ. ನೇಪಿಯನ್ ಸೀ ರೋಡಿನ ಪ್ರಿಯದರ್ಶಿನಿ ಪಾರ್ಕ್‌ನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, ಸಿಕ್ಕರೆ ಅದು ಉತ್ತಮ. ಶಿವಾಜಿ ಪಾರ್ಕ್ ಮಣ್ಣು ಮಳೆಗಾಲ ಬಿಟ್ಟರೆ ಪರವಾಗಿಲ್ಲ. ಜುಹೂ ಮರಳಿನಲ್ಲಿ ಸ್ಪ್ರಿಂಟ್ ಮಾಡಿದರೆ ಒಳ್ಳೆಯದಾ ಎಂದು ಬಹಳ ಜನ ಕೇಳುತ್ತಾರೆ. ಸಡಿಲ ಮರಳಿನಲ್ಲಿ ಪಾದ ಹೂತು ನೆಲದ ಮೇಲಿನ ಹೊತ್ತು ಜಾಸ್ತಿಯಾಗುತ್ತದೆ. ಬಲಕ್ಕೆ ಸರಿ, ಚುರುಕಿಗೆ ಅಲ್ಲ. ಹೊಸಬರಿಗೆ ನಾನು ಹೇಳುವುದು ಏರು ರಸ್ತೆ. ಠಾಣೆಯವರು ಯೇವೂರಿಗೆ ಹೋಗಿ, ಬೇರೆಯವರು ಮನೆ ಹತ್ತಿರ ಯಾವುದಾದರೂ ಏರು ಹುಡುಕಿ, ಗಾಡಿಗಳ ಕಾಟ ಇಲ್ಲದ ಹೊತ್ತಿನಲ್ಲಿ. ಎಂಟು ಹತ್ತು ಸೆಕೆಂಡು ಮೇಲಕ್ಕೆ ಜೋರಾಗಿ ಓಡಿ, ನಡೆದುಕೊಂಡು ಇಳಿಯಿರಿ. ಏರಿನಲ್ಲಿ ಬಲ ಪೂರ್ತಿ ಹಾಕಬೇಕಾಗುತ್ತದೆ, ಆದರೆ ಸಪಾಟು ನೆಲದಷ್ಟು ವೇಗ ಬರುವುದಿಲ್ಲ, ಕಾಲು ಮುಂದೆ ಬೀಸಿ ಹ್ಯಾಮ್‌ಸ್ಟ್ರಿಂಗ್ ಎಳೆದು ಹರಿಯುವ ಅಪಾಯ ಕಮ್ಮಿ.

ಕೊನೆಗೆ ಮುಲುಂಡಿನಿಂದ ಬಂದ ಅಕ್ಕ ಒಬ್ಬರು ಕೇಳಿದರು, "ನನಗೆ 62, ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಅಕ್ಕ, ನಿಮಗೇ ಜಾಸ್ತಿ ಬೇಕು. ಅರವತ್ತು ದಾಟಿದ ಮೇಲೆ ಬೆನ್ನುಹುರಿಯ ನರಕೋಶಗಳು ಕಮ್ಮಿಯಾಗುತ್ತಾ ಹೋಗುತ್ತವೆ, ದಿಕ್ಕಿಲ್ಲದ ಎಳೆಗಳನ್ನು ಪಕ್ಕದ ನರಕೋಶಗಳು ದತ್ತು ತೆಗೆದುಕೊಳ್ಳುತ್ತವೆ, ಎಲ್ಲವನ್ನೂ ತೆಗೆದುಕೊಳ್ಳಲು ಆಗುವುದಿಲ್ಲ. ಮೊದಲು ಸೊರಗುವುದು ವೇಗದ ಎಳೆಗಳು. ಎಡವಿದಾಗ ಪಟ್ಟನೆ ಕಾಲು ಮುಂದಿಟ್ಟು ಮೈ ತಡೆಯುವುದು ಅವುಗಳ ಕೆಲಸ. 2010ರಲ್ಲಿ ಕೆನಡಾದ ಜೆಫ್ರಿ ಪವರ್ ಮತ್ತು ಜೊತೆಗಾರರು 65ರ ಆಸುಪಾಸಿನ ಓಟಗಾರರ ಮೊಣಕಾಲ ಕೆಳಗಿನ ಸ್ನಾಯುವಿನಲ್ಲಿ ಘಟಕಗಳನ್ನು ಅಂದಾಜು ಮಾಡಿದರು. ಇಪ್ಪತ್ತೈದರ ಹುಡುಗರಷ್ಟೇ ಇದ್ದವು, ಓಡದ ಅದೇ ವಯಸ್ಸಿನವರಲ್ಲಿ ಕಮ್ಮಿ ಇದ್ದವು. ಎರಡು ವರ್ಷದ ನಂತರ ಅಂಥ ಓಟಗಾರರ ತೋಳನ್ನು ನೋಡಿದರೆ ಅಲ್ಲಿ ಈ ಲಾಭ ಕಾಣಲಿಲ್ಲ. ಅಂದರೆ ಕಾಲು ಓಡಿದರೆ ಕಾಲಿಗೆ, ತೋಳಿಗೆ ತೋಳೇ ದುಡಿಯಬೇಕು.

ನೀವು ನಾಳೆಯೇ ಸ್ಪ್ರಿಂಟ್ ಓಡಲು ಹೋಗಬೇಡಿ. ಬಿಪಿ, ಹೃದಯ ಡಾಕ್ಟರಿಗೆ ತೋರಿಸಿ. ಮೊದಲ ತಿಂಗಳು ಕುರ್ಚಿಯಿಂದ ಆದಷ್ಟು ಬೇಗ ಎದ್ದು ನಿಧಾನಕ್ಕೆ ಕೂರಿ, ಮೆಟ್ಟಿಲನ್ನು ಚುರುಕಾಗಿ ಹತ್ತಿ, ಕಂಬಿ ಹಿಡಿದುಕೊಂಡೇ. ಆಮೇಲೆ ಮಾಮೂಲಿ ಓಟದ ಕೊನೆಗೆ ನಾಲ್ಕು ಸಲ ಹದಿನೈದು ಇಪ್ಪತ್ತು ಸೆಕೆಂಡು, ನಿಧಾನವಾಗಿ ವೇಗ ಏರಿಸುತ್ತಾ ಹೋಗಿ, ಪೂರ್ತಿ ವೇಗ ಬೇಡ, ಮುಕ್ಕಾಲು ಸಾಕು, ನಡುವೆ ಉಸಿರು ತಹಬಂದಿಗೆ ಬರುವವರೆಗೆ ನಡೆಯಿರಿ. ತೊಡೆಯ ಹಿಂಭಾಗದಲ್ಲಿ ಬಿಗಿತ ಕಂಡರೆ ಅವತ್ತಿಗೆ ನಿಲ್ಲಿಸಿ. ಲೋಕಲ್ ತಪ್ಪಿದರೆ ತಪ್ಪಲಿ, ಐದು ನಿಮಿಷಕ್ಕೆ ಇನ್ನೊಂದು ಇದೆ.